ರೈಲು ಹಳಿ ಪಕ್ಕದ ಬಿಳಿ ಕಾರು: ಪಾಲಿಶ್‌ಗೆ ಮೊದಲಿನ ಐದು ದಿನದ ಲೆಕ್ಕ

ನಮ್ಮ ಬಿಳಿ ಹ್ಯಾಚ್‌ಬ್ಯಾಕ್ 2018ರದ್ದು, 41,000 ಕಿ.ಮೀ. ಓಡಿದೆ. ನಿಲ್ಲುವುದು ಮುಂಬೈಯ ಮುಲುಂಡ್ ಪೂರ್ವದಲ್ಲಿ, ಸೊಸೈಟಿಯ ಕಾಂಪೌಂಡ್ ಗೋಡೆಗೆ ಮೂತಿ ತಾಗಿಸಿಕೊಂಡು. ಗೋಡೆಯ ಆಚೆಗೆ ರೈಲು ಹಳಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೋದದ್ದು ಇದೇ ದಾರಿಯಲ್ಲಿ ಎಂದು ಊರಿನಿಂದ ಬಂದವರಿಗೆಲ್ಲ ಹೇಳಿ ಜಂಬ ಕೊಚ್ಚುತ್ತಿದ್ದೆ. ಆ ದಾರಿಯ ಕಬ್ಬಿಣ ನನ್ನ ಬಾನೆಟ್ ಮೇಲೂ ಬಂದು ಕೂತಿದೆ ಎಂದು ಗೊತ್ತಾದದ್ದು 2024ರ ದೀಪಾವಳಿಗೆ.

ಪಟಾಕಿಯ ಮಸಿ ಒರೆಸಲು ಹೋಗಿದ್ದೆ. ಮಸಿ ಹೋಯಿತು, ಅದರ ಕೆಳಗೆ ಕಿತ್ತಳೆ ಚುಕ್ಕೆಗಳು. ಸಾಸಿವೆಗಿಂತ ಸಣ್ಣವು, ಎಷ್ಟು ಉಜ್ಜಿದರೂ ಜಪ್ಪಯ್ಯ ಎನ್ನಲಿಲ್ಲ. ಕನ್ನಡಕ ತೆಗೆದು ಹತ್ತಿರ ಹೋಗಿ ನೋಡಿದರೆ ಪ್ರತಿ ಚುಕ್ಕೆಯ ನಡುವೆ ಸೂಜಿಮೊನೆಯಷ್ಟು ಕಪ್ಪು, ಅದರ ಸುತ್ತ ಹಾಲಿನಲ್ಲಿ ಕೇಸರಿ ಎಸಳು ಬಿಟ್ಟಂತೆ ಹರಡಿದ ತುಕ್ಕು. ಬಾಡಿಗೇ ತುಕ್ಕು ಹಿಡಿಯಿತು ಎಂದು ಎದೆ ಧಸಕ್ಕೆಂದಿತು.

ಹತ್ತಿರದ ಡೀಟೇಲಿಂಗ್ (ಕಾರು ತೊಳೆದು ಪಾಲಿಶ್ ಮಾಡುವ) ಅಂಗಡಿಯವರು ನೋಡಿ, “ಸೆರಾಮಿಕ್ ಕೋಟಿಂಗ್ ಮಾಡಿಸಿ, 18,000. ಬೆಳಿಗ್ಗೆ ಬಿಟ್ಟರೆ ಸಂಜೆ ಕೊಡ್ತೇವೆ” ಎಂದರು. ಪೇಂಟ್ ಕಾಯಲು ಅದರ ಮೇಲೆ ಹಚ್ಚುವ, ಗಾಜಿನಂತೆ ಗಟ್ಟಿಯಾಗುವ ಪದರ ಅದು. ಚುಕ್ಕೆ ಹೇಗೆ ತೆಗೆಯುತ್ತೀರಿ ಎಂದು ಕೇಳಿದ್ದಕ್ಕೆ “ಪಾಲಿಶ್‌ನಲ್ಲಿ ಹೋಗ್ತದೆ ಸರ್” ಎಂಬ ಉತ್ತರ. ಅಲ್ಲಿಂದ ಮಾವನಿಗೆ ಫೋನ್ ಮಾಡಿದೆ.

ನವೆಂಬರ್ 3, ಭಾನುವಾರ. ತೊಟ್ಟೆ ಪರೀಕ್ಷೆ

ಮಾವ ಎಂದರೆ ಅಮ್ಮನ ತಮ್ಮ. ಉಡುಪಿ ಬಿಟ್ಟು ಬಂದು ಕುರ್ಲಾದ ಗ್ಯಾರೇಜೊಂದರಲ್ಲಿ ಮೂವತ್ತು ವರ್ಷ ಸ್ಪ್ರೇ ಪೇಂಟಿಂಗ್ ಮಾಡಿದವರು. ಈಗ ಭಾಂಡುಪ್‌ನಲ್ಲಿ ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುವುದೇ ಡ್ಯೂಟಿ.

“ಮನೆಯಲ್ಲಿ ತೊಟ್ಟೆ ಉಂಟಾ? ತರಕಾರಿ ತರುವ ತೆಳ್ಳಗಿನದ್ದು. ಅದನ್ನು ಕೈಗೆ ಹಾಕಿ ಬಾನೆಟ್ ಸವರು.”

ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ತೊಟ್ಟೆ 2018ರಲ್ಲೇ ನಿಷೇಧವಾಯಿತು, ನಮ್ಮ ಅಡುಗೆಮನೆಯ ಡ್ರಾಯರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಒಂದು ತೆಗೆದು ಕೈಗೆ ಹಾಕಿ ಸವರಿದೆ. ಬರಿಗೈಗೆ ನಯವಾಗಿಯೇ ಇದ್ದ ಬಾನೆಟ್ ತೊಟ್ಟೆಯೊಳಗಿನ ಬೆರಳಿಗೆ ರವೆ ಚೆಲ್ಲಿದ ಕಡಪ ಕಲ್ಲಿನಂತೆ ಸಿಕ್ಕಿತು. ರೂಫ್ ಮೇಲೂ ಅದೇ ಕತೆ. ಬಾಗಿಲುಗಳಲ್ಲಿ ಕಡಿಮೆ.

“ಅದು ಬಾಡಿಯ ತುಕ್ಕು ಅಲ್ಲ ಮಾರಾಯ, ಹೊರಗಿಂದ ಬಂದದ್ದು. ಚಕ್ರ, ಹಳಿ, ಬ್ರೇಕ್ ತಿಕ್ಕಿ ಹಾರುವ ಕಬ್ಬಿಣದ ಹುಡಿ. ಅದರ ಮೇಲೆ ಪಾಲಿಶ್ ಮಷಿನ್ ಇಟ್ಟೆಯೋ, ಮರಳು ಹಾಕಿ ಪಾತ್ರೆ ತಿಕ್ಕಿದ ಹಾಗೆ ಆಗ್ತದೆ.” ಅಂಗಡಿ ಬಿಟ್ಟು ಕೆಲಸ ನಾನೇ ಮಾಡುವುದೆಂದಾಯಿತು.

ಮಾವನ ಗುರುತಿನ ಸೆಕೆಂಡ್‌ಹ್ಯಾಂಡ್ ಕಾರು ವ್ಯಾಪಾರಿಯಿಂದ ಪೇಂಟ್ ದಪ್ಪ ಅಳೆಯುವ ಗೇಜ್ ಎರಡು ದಿನಕ್ಕೆ ಎರವಲು ಸಿಕ್ಕಿತು. ಅಳತೆಗಳು ಹೀಗೆ: ರೂಫ್ 104 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಬಾನೆಟ್ 98ರಿಂದ 106, ಬಲ ಬಾಗಿಲುಗಳು 110ರ ಆಸುಪಾಸು, ಎಡ ಮುಂಬಾಗಿಲು 212ರಿಂದ 240. ಎಡ ಬಾಗಿಲು 2021ರಲ್ಲಿ ರಿಕ್ಷಾ ತರಚಿ ಮತ್ತೆ ಪೇಂಟ್ ಆದದ್ದು, ಅದಕ್ಕೇ ದಪ್ಪ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಗೇಜ್ ಮಾತನಾಡುವುದಿಲ್ಲ. ಗೇಜ್ ಹೇಳುವುದು ಎಲ್ಲ ಪದರ ಸೇರಿಸಿ. ಅದರಲ್ಲಿ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಮಾತ್ರ. ತಿಕ್ಕಲು ನಮಗಿರುವ ಬಂಡವಾಳ ಅಷ್ಟೇ.

ಬಿಳಿ ಕಾರಾದರೆ ಇನ್ನೊಂದು ಪರೀಕ್ಷೆ ಬೇಕು: ಮೇಲೆ ಕ್ಲಿಯರ್ ಕೋಟ್ ಇದೆಯೋ, ಬರೀ ಬಣ್ಣವೋ? ಡಿಕ್ಕಿ ಬಾಗಿಲಿನ ಮೂಲೆಯಲ್ಲಿ ಸ್ವಲ್ಪ ಪಾಲಿಶ್ ಹಾಕಿ ಕಡುನೀಲಿ ಬಟ್ಟೆಯಲ್ಲಿ ಉಜ್ಜಿದೆ. ಬಟ್ಟೆಗೆ ಬಿಳಿ ಬಣ್ಣ ಹತ್ತಲಿಲ್ಲ. ಅಂದರೆ ಕ್ಲಿಯರ್ ಇದೆ. (ಪಾಲಿಶ್ ತಾನೇ ಬಿಳಿ ಇದ್ದರೆ ಮೋಸ ಹೋಗುತ್ತೀರಿ. ನನ್ನದು ಹಸಿರು ಬಣ್ಣದ್ದು.)

ನವೆಂಬರ್ 9, ಶನಿವಾರ. ತೊಳೆಯುವುದು (4 ಗಂಟೆ)

ಮೊದಲು ನೀರಿನ ವಿಚಾರ. ಅಡುಗೆಮನೆಯ ಫಿಲ್ಟರ್‌ಗೆಂದು ತಂದಿದ್ದ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಕೆಳಗೆ ಒಯ್ದೆ. ನಲ್ಲಿಗೆ ಬರುವ ಪಾಲಿಕೆಯ ನೀರು 74. ಭಾತ್ಸಾ, ವೈತರಣಾ ಕಡೆಯಿಂದ ಬರುವ ಮಳೆನೀರು, ಬಂಗಾರದಂಥದ್ದು. ಕಾಂಪೌಂಡಿನ ನಲ್ಲಿಗೆ ಇರುವುದು ಬೋರ್‌ವೆಲ್ ಲೈನು, ಅದು 1,140. ಪೂರ್ವಕ್ಕೆ ಉಪ್ಪಿನಗದ್ದೆ, ಖಾಡಿ (ಸಮುದ್ರದ ಹಿನ್ನೀರು). ಬೇರೇನು ಬಂದೀತು? ಆರು ವರ್ಷ ಈ ನೀರಲ್ಲೇ ದಿನಾ ಬೆಳಿಗ್ಗೆ ಕಾರು ಒರೆಸಲಾಗಿದೆ. ಬಾನೆಟ್ ಮೇಲಿನ ಬಿಳಿ ಉಂಗುರಗಳ ಮೂಲ ಗೊತ್ತಾಯಿತು.

ಹಾಗಾಗಿ ಮೊದಲ ಮಹಡಿಯ ಮನೆಯಿಂದ ಬಕೆಟ್‌ನಲ್ಲಿ ನೀರು ಹೊತ್ತದ್ದು. ಆ ದಿನ ಹದಿಮೂರು ಬಕೆಟ್. ಸೊಸೈಟಿಯಲ್ಲಿ ಪ್ರೆಶರ್ ವಾಷರ್‌ಗೆ ಅನುಮತಿ ಇಲ್ಲ, ಅದರ ಬದಲು ಗಿಡಗಳಿಗೆ ಔಷಧಿ ಹೊಡೆಯುವ 5 ಲೀಟರಿನ ಪಂಪ್ ಸ್ಪ್ರೇಯರ್ ತಂದೆ, 650 ರೂಪಾಯಿ. ಈ ಇಡೀ ಕೆಲಸದಲ್ಲಿ ದುಡ್ಡಿಗೆ ಸರಿಯಾಗಿ ದುಡಿದ ಸಾಮಾನು ಅದೊಂದೇ.

ಮೊದಲು ಚಕ್ರ, ಅದಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ. ಆಮೇಲೆ ಬಾಡಿಗೆ ಶಾಂಪೂ ನೀರು ಸಿಂಪಡಿಸಿ 5 ನಿಮಿಷ ಬಿಟ್ಟೆ, ಮುಟ್ಟಲಿಲ್ಲ. ಸಡಿಲ ಧೂಳೆಲ್ಲ ಕೆಳಗೆ ಇಳಿದ ಮೇಲೆ ನೀರು ಹೊಡೆದೆ. ಅಲ್ಲಿಗೆ ಬಂದ ಮೇಲೆಯೇ ಮಿಟ್, ಅಂದರೆ ಕೈಗೆ ಹಾಕಿ ಉಜ್ಜುವ ಗವಸು. ಒಂದು ಬಕೆಟ್ ಶಾಂಪೂ, ಒಂದು ಬಕೆಟ್ ಬರೀ ನೀರು, ಎರಡರ ತಳಕ್ಕೂ ಜಾಲರಿ. ಒಂದು ಭಾಗ ಉಜ್ಜಿದ ಮಿಟ್ ಬರೀ ನೀರಲ್ಲಿ ಜಾಲಿಸಿ ಮತ್ತೆ ಶಾಂಪೂವಿಗೆ. ರೂಫಿನಿಂದ ಶುರು, ಬಾಗಿಲಿನ ಕೆಳಭಾಗ ಕೊನೆಗೆ.

ತಪ್ಪು ಒಂದು: ಹಳೇ ವ್ಯಾಕ್ಸ್ ಹೋಗಲಿ ಎಂದು ಎರಡನೇ ಸುತ್ತಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದೆ. ಬಣ್ಣಕ್ಕೆ ಏನೂ ಆಗಲಿಲ್ಲ, ಆದರೆ ಕನ್ನಡಿಯ ಕೆಳಗಿನ ಕಪ್ಪು ಪ್ಲಾಸ್ಟಿಕ್, ಕಿಟಕಿಯ ರಬ್ಬರ್ ಎಲ್ಲ ಬೂದು ಬಳಿದ ಹಾಗೆ ಆಯಿತು. ಮುಂದೆ ಮಾಡುವ ಕೆಮಿಕಲ್, ಕ್ಲೇ, ಪಾಲಿಶ್‌ನಲ್ಲಿ ವ್ಯಾಕ್ಸ್ ತಾನಾಗಿ ಹೋಗುವುದೇ ಇತ್ತು. ಈ ಉಪಕಾರ ಯಾರೂ ಕೇಳಿರಲಿಲ್ಲ.

ನವೆಂಬರ್ 10, ಭಾನುವಾರ. ನೇರಳೆ ಮಳೆ (5 ಗಂಟೆ)

ಕಬ್ಬಿಣ ತೆಗೆಯಲು ಐರನ್ ರಿಮೂವರ್, 500 ಮಿಲಿ, 750 ರೂಪಾಯಿ. ಇದು ಆಸಿಡ್ ಅಲ್ಲ, ಕಬ್ಬಿಣದ ಜೊತೆ ಸೇರಿ ನೇರಳೆಯಾಗುವ ಗಂಧಕದ ಉಪ್ಪು. ಸಿಂಪಡಿಸಿ ಎರಡು ನಿಮಿಷದಲ್ಲಿ ಬಿಳಿ ಬಾನೆಟ್ ಮೇಲೆ ಒಂದೊಂದು ಚುಕ್ಕೆಯಿಂದ ಒಂದೊಂದು ನೇರಳೆ ಗೆರೆ ಇಳಿಯಲು ಶುರು. ಮಗಳು ಬಾಲ್ಕನಿಯಿಂದ “ಪಪ್ಪಾ, ಕಾರಿಗೆ ನೇರಳೆಹಣ್ಣು ತಿನ್ನಿಸಿದ್ರಾ?” ಎಂದು ಕೂಗಿದಳು. ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ನೆಲಮಹಡಿಯವರು ಒಂದೊಂದಾಗಿ ಕಿಟಕಿ ಮುಚ್ಚಿದರು. ನಾನು ಕೈಗವಸು ಹಾಕಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಬಂಗುಡೆ ಗಸಿಯ ಪರಿಮಳವೂ ನನ್ನ ಕೈಯ ವಾಸನೆಯ ಎದುರು ಸೋತಿತು. ಹೆಂಡತಿ ತಟ್ಟೆ ಎತ್ತಿಕೊಂಡು ಟೀವಿ ಮುಂದೆ ಹೋದಳು.

ಈ ದಿನ ಎರಡು ತಪ್ಪು, ಎರಡನೆಯದು ದೊಡ್ಡದು.

ಮೊದಲನೆಯದು, ಕಾರನ್ನು ಒದ್ದೆ ಮಾಡಿ ಅದರ ಮೇಲೆಯೇ ಸಿಂಪಡಿಸಿದ್ದು. ನಿಂತ ನೀರಲ್ಲಿ ಔಷಧಿ ತೆಳುವಾಗಿ ಅರ್ಧ ನೆಲಕ್ಕೆ ಹರಿಯಿತು. ಅರ್ಧ ಕಾರಿಗೇ ಬಾಟಲಿ ಖಾಲಿ. ಇನ್ನೊಂದು ಬಾಟಲಿ ತರಿಸಿ ಉಳಿದರ್ಧಕ್ಕೆ ಮೊದಲು ಬಟ್ಟೆಯಲ್ಲಿ ಒರೆಸಿ ಒಣಗಿಸಿ ಹೊಡೆದೆ. ಅದೇ ಅಳತೆಯ ಜಾಗಕ್ಕೆ 200 ಮಿಲಿಯೂ ಹಿಡಿಯಲಿಲ್ಲ.

ಎರಡನೆಯದು ಬಿಸಿಲು. ನಮ್ಮ ಪಾರ್ಕಿಂಗಿಗೆ ಬಿಸಿಲು ಬರುವುದು ಹತ್ತಕ್ಕೆ ಎಂದು ನನ್ನ ಲೆಕ್ಕ. ಅದು ಮೇ ತಿಂಗಳ ಲೆಕ್ಕ. ನವೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಪಕ್ಕದ ಕಟ್ಟಡದ ಸಂದಿಯಿಂದ 9:40ಕ್ಕೇ ಬಲ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲೆ ಬಿದ್ದ. ಆ ಹೊತ್ತಿಗೆ ನಾನು ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ. ಎದ್ದು ನೋಡುವಾಗ ಫೆಂಡರ್ ಮೇಲೆ ಔಷಧಿ ಒಣಗಿ ಕಂದು ನೇರಳೆ ಪೊರೆ ಕಟ್ಟಿತ್ತು. ನೀರು ಹೊಡೆದರೆ ಹೋಗಲಿಲ್ಲ. ಶಾಂಪೂವಿಗೂ ಜಗ್ಗಲಿಲ್ಲ. ಕೊನೆಗೆ ಕಾರನ್ನು ನೆರಳಿಗೆ ತಳ್ಳಿ, ಅದೇ ಔಷಧಿಯನ್ನು ಮತ್ತೆ ಸಿಂಪಡಿಸಿ ಒಣಗಿದ್ದನ್ನು ಒದ್ದೆ ಮಾಡಿ, ಒಂದು ನಿಮಿಷಕ್ಕೆ ತೊಳೆದಾಗ ಮುಕ್ಕಾಲು ಪಾಲು ಬಿಟ್ಟಿತು. ಉಳಿದದ್ದು ಅಂಗೈಯಗಲದ ಮಬ್ಬು ಗೆರೆ, ಪಾಲಿಶ್ ಆಗುವವರೆಗೂ ನನ್ನನ್ನು ದಿಟ್ಟಿಸಿ ನೋಡುತ್ತಿತ್ತು. ಒಂದು ಸಲಕ್ಕೆ ಎರಡೇ ಪ್ಯಾನೆಲ್, 3ರಿಂದ 5 ನಿಮಿಷ, ಒಣಗುವ ಮೊದಲೇ ನೀರು. ಬಾಟಲಿಯ ಹಿಂದೆ ಇದೇ ಬರೆದಿತ್ತು, ನಾನು ಓದಿದ್ದು ಮುಂದಿನ ಭಾಗ.

ಎರಡನೇ ಸುತ್ತು ಮುಗಿದ ಮೇಲೆ ಕಿತ್ತಳೆ ಚುಕ್ಕೆಗಳಲ್ಲಿ ಹತ್ತಕ್ಕೆ ಒಂಬತ್ತು ಮಾಯ.

ಸಂಜೆ ಡಾಂಬರು. ಬಾಗಿಲಿನ ಕೆಳಗೆ, ಹಿಂದಿನ ಚಕ್ರದ ಹಿಂದೆ ಮಳೆಗಾಲದ ಗುಂಡಿ ಮುಚ್ಚಿದ ನೆನಪುಗಳು. ಟಾರ್ ರಿಮೂವರ್ ಬಟ್ಟೆಗೆ ಹಾಕಿ ಚುಕ್ಕೆಯ ಮೇಲೆ ಒತ್ತಿ ಹಿಡಿದು, ಅದು ಕರಗಿ ಕಂದಾದ ಮೇಲೆ ಮೇಲಕ್ಕೆ ಎತ್ತುವಂತೆ ಒರೆಸಬೇಕು, ಹರಡುವಂತೆ ಅಲ್ಲ. ಮಾವನ ಕಾಲದಲ್ಲಿ ಸೀಮೆಎಣ್ಣೆಯೇ ಎಲ್ಲಕ್ಕೂ. ಅವರು ಹೇಳಿದ ಒಂದೇ ಎಚ್ಚರ: “ಎಡ ಬಾಗಿಲಿಗೆ ಥಿನ್ನರ್ ಮಾತ್ರ ಮುಟ್ಟಿಸಬೇಡ. ಯಾರು ಎಂಥ ಪೇಂಟ್ ಹೊಡೆದಿದ್ದಾರೆ ಅಂತ ದೇವರಿಗೇ ಗೊತ್ತು. ಎದ್ದು ಬಂದರೆ ಮತ್ತೆ ನನ್ನನ್ನು ಕರೀಬೇಡ.”

ನವೆಂಬರ್ 16, ಶನಿವಾರ. ಕ್ಲೇ (5 ಗಂಟೆ 30 ನಿಮಿಷ)

100 ಗ್ರಾಮಿನ ಫೈನ್ ಕ್ಲೇ, ನೀಲಿ ಬಣ್ಣದ್ದು. ಪೇಂಟಿಗೆ ಅಂಟಿ ಉಳಿದ ಕಣಗಳನ್ನು ಎಳೆದು ತೆಗೆಯುವ, ಜೇಡಿಮಣ್ಣಿನಂಥ ಮುದ್ದೆ. ನಾಲ್ಕು ತುಂಡು ಮಾಡಿ ಒಂದನ್ನು ಬಿಸಿನೀರಲ್ಲಿ ಹಾಕಿ ಮೆತ್ತಗೆ ಮಾಡಿ ಮೂರು ಬೆರಳಿನಗಲ ತಟ್ಟಿದೆ. ಜಾರಲು ಶಾಂಪೂ ನೀರು, ಧಾರಾಳ. ಸುಮಾರು ಒಂದೂವರೆ ಅಡಿ ಚೌಕಕ್ಕೆ ಒಂದು ಸಲ, ನೇರ ಗೆರೆಯಲ್ಲಿ ಹಿಂದೆ ಮುಂದೆ. ಸುತ್ತಿಸಬಾರದು, ಒತ್ತಬಾರದು.

ಇದು ಕಿವಿಯ ಕೆಲಸ. ಶುರುವಿಗೆ ಕ್ಲೇ ಕೆಳಗೆ ಸರಸರ ಸದ್ದು, ಬೆರಳಿಗೆ ಸಣ್ಣ ತಡೆ. ಏಳೆಂಟು ಸಲ ಆಡಿಸಿದ ಮೇಲೆ ಸದ್ದು ನಿಲ್ಲುತ್ತದೆ, ಕ್ಲೇ ಎಣ್ಣೆ ಕಾವಲಿ ಮೇಲೆ ಜಾರಿದಂತೆ ಜಾರುತ್ತದೆ. ಅಷ್ಟಾದರೆ ಆ ಚೌಕ ಮುಗಿಯಿತು. ತಿರುಗಿಸಿ ನೋಡಿದರೆ ನೀಲಿ ಮುಖದ ಮೇಲೆ ಮೆಣಸಿನಹುಡಿ ಉದುರಿದ ಹಾಗೆ ಕಂದು ಕಣಗಳು. ಮಡಚಿ, ನಾದಿ, ಹೊಸ ಮುಖ ಮೇಲೆ ತಂದು ಮುಂದಿನ ಚೌಕಕ್ಕೆ. ಗಾಜಿಗೂ ಮಾಡಿದೆ. ಮುಂದಿನ ಗಾಜಿನಿಂದ ಬಂದ ಕೊಳೆ ಬಾನೆಟ್‌ಗಿಂತ ಹೆಚ್ಚು, ಮಳೆಗಾಲದಲ್ಲಿ ವೈಪರ್ ಯಾಕೆ ಕೊರಕೊರ ಎನ್ನುತ್ತಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು.

ಬಾನೆಟ್ ಅರ್ಧ ಮುಗಿದಿತ್ತು. ಕ್ಲೇ ಕೈಜಾರಿ ನೆಲಕ್ಕೆ ಬಿತ್ತು. ಬಿದ್ದ ಕ್ಲೇ ಬಿಸಾಡಬೇಕು ಎಂದು ನನಗೆ ಗೊತ್ತಿತ್ತು. ಆದರೆ ಹೊಸ ತುಂಡು, ಬರೀ ಹತ್ತು ನಿಮಿಷದ ವಯಸ್ಸು. ನೂರು ಗ್ರಾಮಿಗೆ 550 ಆದರೆ ಇದು 137 ರೂಪಾಯಿ ಎಂದು ಮನಸ್ಸು ಲೆಕ್ಕ ಹಾಕಿತು. ನೀರಲ್ಲಿ ತೊಳೆದು, ಕಣ್ಣಿಗೆ ಕಂಡ ಎರಡು ಕಲ್ಲುಹುಡಿ ಉಗುರಿನಿಂದ ತೆಗೆದು, ಮಡಚಿ ಮುಂದುವರಿಸಿದೆ. ಮೂರನೇ ಎಳೆತಕ್ಕೆ ಕ್ರೀಚ್ ಎಂದಿತು. ಬಾನೆಟ್ ಮಧ್ಯದಲ್ಲಿ 20 ಸೆ.ಮೀ. ಉದ್ದದ ಎರಡು ಗೀರು, ರೈಲು ಹಳಿಯಂತೆಯೇ ಜೋಡಿ. ಉಗುರು ಅಡ್ಡ ಎಳೆದರೆ ಸಿಕ್ಕಿಹಾಕಿಕೊಳ್ಳಲಿಲ್ಲ, ಕ್ಲಿಯರ್ ಕೋಟಿನೊಳಗೇ ನಿಂತಿದೆ ಎಂಬುದೊಂದೇ ಸಮಾಧಾನ. ಆ 137 ರೂಪಾಯಿ ಉಳಿಸಲು ಹೋಗಿ ಪಾಲಿಶ್ ದಿನ ಆ ಎರಡು ಗೆರೆಗೆ ಮಾತ್ರ 50 ನಿಮಿಷ ಕೊಟ್ಟೆ, ಒಂದು ಗೆರೆ ಈಗಲೂ ಟಾರ್ಚ್ ಹಿಡಿದರೆ ತೆಳ್ಳಗೆ ಕಾಣುತ್ತದೆ.

ನವೆಂಬರ್ 17, ಭಾನುವಾರ. ನೀರಿನ ಕಲೆ, ಮತ್ತು ನಿಜ ಬಣ್ಣ (3 ಗಂಟೆ)

ಬೋರ್‌ವೆಲ್ ನೀರಿನ ಉಂಗುರಗಳಿಗೆ ಬಿಳಿ ವಿನೆಗರ್, ಅದಕ್ಕೆ ಅಷ್ಟೇ ಪ್ರಮಾಣದ ಮನೆಯ ನೀರು. ಬಟ್ಟೆ ಅದ್ದಿ ಕಲೆಯ ಮೇಲೆ ಎರಡು ನಿಮಿಷ ಹೊದಿಸಿಟ್ಟು, ಎತ್ತಿ, ಉಜ್ಜದೆ ಒರೆಸಿ, ಕೂಡಲೇ ತೊಳೆದೆ. 45 ರೂಪಾಯಿಯ ಬಾಟಲಿ. ಬಾನೆಟ್ ಮೇಲಿನ ಕಲೆ ಬಹುಪಾಲು ಹೋಯಿತು. ರೂಫ್ ಮೇಲಿನವು ಅರ್ಧ ಉಳಿದವು. ಬಿಸಿಲಲ್ಲಿ ಕಾದು ಕ್ಲಿಯರ್ ಕೋಟನ್ನೇ ಕೊರೆದು ಕೂತವು ಅವು, ಅವಕ್ಕೆ ಪಾಲಿಶ್ಶೇ ಗತಿ. ಪಾರಿವಾಳ ಬಿಟ್ಟುಹೋದ ಎರಡು ಗುರುತುಗಳೂ ಹಾಗೆಯೇ.

ಒಣಗಿಸಿ, ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಇಡೀ ಕಾರು ಜೇಡರಬಲೆ! ಬಿಳಿ ಬಣ್ಣದಲ್ಲಿ ಹಗಲು ಏನೂ ಕಾಣುವುದಿಲ್ಲ, ಟಾರ್ಚ್ ಬಿದ್ದಲ್ಲಿ ಮಾತ್ರ ಬೆಳಕಿನ ಸುತ್ತ ಗಿರಿಗಿರಿ ಗೀರುಗಳು. ತೊಳೆಯುವ ಮೊದಲು ಇಷ್ಟು ಇರಲಿಲ್ಲವಲ್ಲ ಎಂದು ಹೌಹಾರಿ ಮಾವನಿಗೆ ವೀಡಿಯೋ ಕಾಲ್.

“ಇತ್ತು. ಮುಚ್ಚಿತ್ತು. ಎರಡು ವರ್ಷದ ಹಿಂದೆ ಎಲ್ಲಿಯೋ ಟೆಫ್ಲಾನ್ ಕೋಟಿಂಗ್ ಅಂತ ಮಾಡಿಸಿದ್ದೆಯಲ್ಲ, ಅದರ ಎಣ್ಣೆ, ಮೇಣ ಗೀರಿನೊಳಗೆ ತುಂಬಿತ್ತು. ಈಗ ನೀನು ತೊಳೆದು ತೆಗೆದೆ. ಈಗ ಕಾಣ್ತದಲ್ಲ, ಅದೇ ನಿನ್ನ ಕಾರು.”

ಹಾಗಾದರೆ ಈ ಗೀರು ಎಲ್ಲಿಂದ ಬಂತು? ಮರುದಿನ ಬೆಳಿಗ್ಗೆ ಐದೂವರೆಗೆ ಕೆಳಗಿಳಿದು ಕಾರು ಒರೆಸುವ ಹುಡುಗನನ್ನು ನೋಡಿದೆ. ತಿಂಗಳಿಗೆ 600 ಕೊಡುತ್ತೇವೆ, ಅವನ ಕೈಯಲ್ಲಿ ಇಪ್ಪತ್ತೆರಡು ಕಾರು. ಒಂದು ಬಕೆಟ್, ಒಂದು ಬಟ್ಟೆ. ನಮ್ಮದು ಹದಿನೇಳನೆಯದು. ಅಷ್ಟು ಹೊತ್ತಿಗೆ ಆ ಬಕೆಟಿನ ನೀರು ಚಹಾದ ಬಣ್ಣ. ಹುಡುಗನದು ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ, ಬೋರ್‌ವೆಲ್ ಲೈನಿನ ನಲ್ಲಿಯೂ ಆರಕ್ಕೇ ಬಂದ್ ಆಗುತ್ತದೆ, ಎರಡನೇ ಬಕೆಟ್ ತುಂಬಲು ಅವನಿಗೆ ಪುರುಸೊತ್ತು ಎಲ್ಲಿ? “ಇನ್ನು ಒಳಗಿನ ಮ್ಯಾಟ್, ಗಾಜು, ಟಯರ್ ಮಾತ್ರ ಮಾಡು, ದುಡ್ಡು ಅಷ್ಟೇ ಕೊಡ್ತೇನೆ” ಎಂದೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. ಕೆಲಸದಿಂದ ತೆಗೆಯುವ ಮೊದಲ ಹೆಜ್ಜೆ ಎಂದು ತಿಳಿದಿರಬೇಕು.

ನವೆಂಬರ್ 20, ಬುಧವಾರ. ಟೇಪು (6 ಗಂಟೆ)

ವಿಧಾನಸಭೆ ಚುನಾವಣೆಯ ರಜೆ. ಬೆಳಿಗ್ಗೆ ಏಳೂವರೆಗೆ ಓಟು ಹಾಕಿ ಬಂದು, ಶಾಯಿ ಹಚ್ಚಿದ ಬೆರಳಿನಲ್ಲೇ ಮತ್ತೊಮ್ಮೆ ತೊಳೆದೆ, ಕ್ಲೇಯ ಜಿಡ್ಡು ಹೋಗಲಿ ಎಂದು. ಒಣಗಿಸುವುದರಲ್ಲಿ ಒಂದು ಪಾಠ: ಕನ್ನಡಿಯ ಸಂದಿ, ಡಿಕ್ಕಿಯ ಲೋಗೋ, ಬಾಗಿಲ ಹಿಡಿ ಇವುಗಳೊಳಗೆ ನೀರು ಅಡಗಿ ಕೂತು ಅರ್ಧ ಗಂಟೆ ಬಿಟ್ಟು ತೊಟ್ಟಿಕ್ಕುತ್ತದೆ. ದೀಪಾವಳಿ ಸ್ವಚ್ಛತೆಗೆ ತಂದ ಬ್ಲೋವರ್ ಇಲ್ಲಿ ಕೈಹಿಡಿಯಿತು.

ಟೇಪು ಅಂಟಿಸುವುದು ಯಾಕೆಂದರೆ ಅಂಚುಗಳಲ್ಲಿ ಪೇಂಟ್ ತೆಳು. ಪಾಲಿಶ್ ಮಷಿನ್ನಿನ ಪ್ಯಾಡ್ ಅಲ್ಲಿ ನಿಂತರೆ ಕ್ಲಿಯರ್ ಕೋಟ್ ಹರಿದು ಕೆಳಗಿನ ಬಣ್ಣ ಕಾಣುತ್ತದೆ, ಆಮೇಲೆ ಮಾವನಿಗೇ ಕೆಲಸ. ಬಾನೆಟಿನ ಮುಂದಿನ ಅಂಚು, ಬಾಗಿಲಿನ ಅಂಚು, ಕಪ್ಪು ಪ್ಲಾಸ್ಟಿಕ್, ರಬ್ಬರ್, ಲೋಗೋ, ವಾಷರ್ ನಳಿಕೆ, ಎಲ್ಲಕ್ಕೂ ಟೇಪು.

ಹಾರ್ಡ್‌ವೇರ್ ಅಂಗಡಿಯ 40 ರೂಪಾಯಿಯ ಹಳದಿ ಮಾಸ್ಕಿಂಗ್ ಟೇಪಿನಿಂದ ಶುರು ಮಾಡಿದೆ. ಬಲಬದಿ ಪೂರ್ತಿ ಅಂಟಿಸಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಬಿಸಿಗೆ ಅಂಟು ಕರಗಿ, ಎಳೆದರೆ ಟೇಪು ಒಂದು ಕಡೆ, ಅಂಟು ಒಂದು ಕಡೆ. ರಬ್ಬರಿನ ಮೇಲಿನ ಅಂಟು ತೆಗೆಯಲು ಟಾರ್ ರಿಮೂವರ್, ಹಲ್ಲುಜ್ಜುವ ಹಳೇ ಬ್ರಷ್, ಒಂದೂವರೆ ಗಂಟೆ. ಆಮೇಲೆ ವಾಹನಗಳಿಗೆಂದೇ ಬರುವ ನೀಲಿ ಟೇಪು ಎರಡು ಸುರುಳಿ, ತಲಾ 170.

ಸಂಜೆ ಮಾವ ಬಂದರು, ಅವರೂ ಓಟು ಹಾಕಿ. ಟೇಪು ಸುತ್ತಿದ ಕಾರಿಗೆ ಒಂದು ಪ್ರದಕ್ಷಿಣೆ ಬಂದು ಜೇಬಿನಿಂದ ತಮ್ಮದೇ ತೊಟ್ಟೆ ತೆಗೆದು ರೂಫ್ ಸವರಿದರು.

“ಐದು ದಿನ ತೊಳೆದದ್ದಾ?”

“ಹೌದು ಮಾವ.”

“ನಮ್ಮಲ್ಲೂ ಹೀಗೆಯೇ. ಪೇಂಟ್ ಹೊಡೆಯಲಿಕ್ಕೆ ಅರ್ಧ ಗಂಟೆ, ಅದಕ್ಕೆ ಮೊದಲು ತಿಕ್ಕುವ ಘಿಸಾಯಿಗೆ ಮೂರು ದಿನ. ಶೇಟ್ ಬಂದು ನೋಡುವಾಗ ಯಾವಾಗಲೂ ಘಿಸಾಯಿಯೇ ನಡೀತಿರ್ತದೆ, ಕೆಲಸ ಆಗಲೇ ಇಲ್ಲ ಅಂತ ಬೈತಾನೆ.”

ಅವರ ಎದುರಿಗೇ ಪರೀಕ್ಷೆಯ ಚೌಕ ಮಾಡಿದೆ, ಬಾನೆಟಿನ ಎಡಭಾಗ, 40 ಸೆ.ಮೀ. ಚೌಕ. ಮೊದಲು ಮೆತ್ತಗಿನ ಪ್ಯಾಡ್, ಫೈನ್ ಪಾಲಿಶ್, ಡಿಎ (ಡ್ಯುಯಲ್ ಆಕ್ಷನ್) ಪಾಲಿಶ್ ಮಷಿನ್ 4ನೇ ವೇಗ, ನಾಲ್ಕು ಸುತ್ತು. ಗೀರು ಅರ್ಧ ಹೋಯಿತು. ಆಮೇಲೆ ಮಧ್ಯಮ ಪ್ಯಾಡ್, ಮಧ್ಯಮ ಪಾಲಿಶ್. ಟಾರ್ಚಿಗೆ ನಾಲ್ಕಾರು ಆಳದ ಗೀರು ಬಿಟ್ಟರೆ ಶುದ್ಧ. ಇನ್ನೂ ಖಾರದ್ದು ಇತ್ತು, ಮಾವ ಬೇಡ ಎಂದರು: “ಇನ್ನೂ ಹತ್ತು ವರ್ಷ ಓಡಿಸಬೇಕಲ್ಲ, ಸ್ವಲ್ಪ ಪೇಂಟ್ ಬಾಕಿ ಇಡು.” ಎಡ ಬಾಗಿಲಿನ ಪೇಂಟ್ ಮೆದು, ಮಧ್ಯಮ ಪ್ಯಾಡಿಗೆ ಮಬ್ಬು ಬಂತು. ಅದಕ್ಕೆ ಫೈನ್ ಮಾತ್ರ ಎಂದು ಟೇಪಿನ ಮೇಲೆ ಪೆನ್ನಿನಲ್ಲಿ ಬರೆದಿಟ್ಟೆ.

ನವೆಂಬರ್ 23 ಮತ್ತು 24. ಪಾಲಿಶ್

ಇದರ ಬಗ್ಗೆ ಬರೆಯಲು ಹೆಚ್ಚಿಲ್ಲ. ಒಂಬತ್ತು ಗಂಟೆ, ಮನೆಯ ಕಿಟಕಿಯಿಂದ ಇಳಿಬಿಟ್ಟ 25 ಮೀಟರ್ ವೈರು, ಸೊಂಟನೋವು. ಫೆಂಡರಿನ ಮಬ್ಬು ಗೆರೆ ಎರಡನೇ ಸುತ್ತಿಗೆ ಹೋಯಿತು.

ಸಿಕ್ಕಿಬಿದ್ದದ್ದು ಆಮೇಲೆ. ಪಾಲಿಶ್ ಮುಗಿದ ಕಾರನ್ನು ರಾತ್ರಿ ಅಲ್ಲೇ ನಿಲ್ಲಿಸಿದ್ದೆ. ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ನೋಡಿದರೆ ಕಪ್ಪು ಹುಡಿ. ಗೋಡೆಯಾಚೆ ನಾಲ್ಕೈದು ನಿಮಿಷಕ್ಕೊಂದು ಲೋಕಲ್ ಹೋಗುವ ಜಾಗದಲ್ಲಿ ಕೋಟಿಂಗ್ ಹಚ್ಚಿದರೆ ಅದು ಗಟ್ಟಿಯಾಗುವ ಮೊದಲು ಅದೇ ಕಬ್ಬಿಣ ಬಂದು ಅಂಟಿ ಕೂರುತ್ತದೆ. ಇಷ್ಟು ದಿನ ತೆಗೆದದ್ದನ್ನು ಗಾಜಿನೊಳಗೆ ಇಟ್ಟು ಫ್ರೇಮ್ ಹಾಕಿಸಿದ ಹಾಗೆ. ಮುಚ್ಚಿದ ಜಾಗ ಬೇಕು. ಒಂದು ವಾರ ಹುಡುಕಿದೆ. ಮಾವನ ಹಳೇ ಗುರುತಿನವರೊಬ್ಬರು ಭಾಂಡುಪ್‌ನ ತಮ್ಮ ಶೆಡ್ಡನ್ನು ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಬಿಟ್ಟುಕೊಟ್ಟರು.

ನವೆಂಬರ್ 30, ಶನಿವಾರ. ಕೊನೆಯ ಒರೆತ, ಕೋಟಿಂಗ್

ಶೆಡ್ಡಿನಲ್ಲಿ ಮತ್ತೆ ಫೋಮ್, ನೀರು, ಬ್ಲೋವರ್. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು. ಒಂದು ಬಟ್ಟೆಯಲ್ಲಿ ಹಚ್ಚಿ ಇನ್ನೊಂದರಲ್ಲಿ ಕೂಡಲೇ ಒರೆಸುವುದು. ಪಾಲಿಶಿನ ಎಣ್ಣೆ ಉಳಿದರೆ ಕೋಟಿಂಗ್ ಪೇಂಟಿಗೆ ಹಿಡಿಯುವುದಿಲ್ಲ, ಎಣ್ಣೆಗೆ ಹಿಡಿಯುತ್ತದೆ. ಒರೆಸಿದ ಮೇಲೆ ಹಿಂಬಾಗಿಲಲ್ಲಿ, ಹೋಗಿದೆ ಎಂದುಕೊಂಡಿದ್ದ ಕೆಲವು ಗೀರು ಮತ್ತೆ ಎದ್ದು ಬಂದವು. ಟೆಫ್ಲಾನ್ ಮಾಡಿದ ಆಟವನ್ನೇ ನನ್ನ ಪಾಲಿಶೂ ಆಡಿತ್ತು. ರಾತ್ರಿ ಒಂಬತ್ತಕ್ಕೆ ಮತ್ತೆ ಮಷಿನ್ ಹಿಡಿದೆ. ಈ ಒರೆತವನ್ನು ಪಾಲಿಶ್ ದಿನವೇ ಪ್ಯಾನೆಲ್ ಪ್ಯಾನೆಲ್ ಮಾಡುತ್ತ ಹೋಗಬೇಕಿತ್ತು.

ಕೋಟಿಂಗ್ 30 ಮಿಲಿ ಬಾಟಲಿ, ಇಡೀ ಕಾರಿಗೆ ಹಿಡಿದದ್ದು ಸುಮಾರು 22 ಮಿಲಿ. ಅಡ್ಡ, ಉದ್ದ ಹಚ್ಚಿ, ಕಾಮನಬಿಲ್ಲಿನ ಬಣ್ಣ ಬಂದು ಮಾಸುವ ಹೊತ್ತಿಗೆ ಒರೆಸಬೇಕು. ರೂಫ್ ನಡುವಿಗೆ ನನ್ನ ಕೈ ಸರಿಯಾಗಿ ಎಟುಕಲಿಲ್ಲ. ಅಲ್ಲೊಂದು ಜಾಗ ಒರೆಸದೆ ಉಳಿದು, ಬೆಳಿಗ್ಗೆ ನೋಡಿದಾಗ ಎಣ್ಣೆಕಲೆಯಂತೆ ಗಟ್ಟಿಯಾಗಿ ಕೂತಿತ್ತು. ಅಷ್ಟನ್ನು ಪಾಲಿಶ್ ಮಾಡಿ ತೆಗೆದು ಮತ್ತೆ ಹಚ್ಚಿದೆ. ಒಂದು ಸ್ಟೂಲ್ ಇದ್ದಿದ್ದರೆ ಮುಗಿಯುತ್ತಿತ್ತು. ಒಂದು ವಾರ ತೊಳೆಯಲಿಲ್ಲ.

ಖರ್ಚು

ಪಾಲಿಶ್‌ಗೆ ಮೊದಲಿನ ತಯಾರಿಗೆ: ಶಾಂಪೂ 350, ಮಿಟ್ 250, ಎರಡು ಬಕೆಟ್ ಮತ್ತು ಜಾಲರಿ 500, ಸ್ಪ್ರೇಯರ್ 650, ಐರನ್ ರಿಮೂವರ್ ಎರಡು ಬಾಟಲಿ 1,500, ಟಾರ್ ರಿಮೂವರ್ 450, ಕ್ಲೇ 550, ಮೈಕ್ರೋಫೈಬರ್ ಬಟ್ಟೆ ಹನ್ನೆರಡು 900, ಟೇಪು (ದಂಡ ಸೇರಿ) 380, ವಿನೆಗರ್ 45, ಆಲ್ಕೋಹಾಲ್ 320, ಡಿಸ್ಟಿಲ್ಡ್ ವಾಟರ್ 120. ಒಟ್ಟು 6,015 ರೂಪಾಯಿ, 23 ಗಂಟೆ 30 ನಿಮಿಷ. ಮಷಿನ್ 6,800, ಪ್ಯಾಡ್ 1,900, ಪಾಲಿಶ್ 1,650. ಕೋಟಿಂಗ್ 2,400. ಎಲ್ಲ ಸೇರಿ 18,765.

ಅಂಗಡಿಯವರು ಹೇಳಿದ್ದು 18,000. ಈ ಲೆಕ್ಕ ಹೆಂಡತಿಗೆ ತೋರಿಸಿದ್ದು ನನ್ನ ಇನ್ನೊಂದು ತಪ್ಪು. “ಮಷಿನ್ ಉಳಿದಿದೆಯಲ್ಲ” ಎಂದೆ. “ಹೌದು, ಬಾತ್‌ರೂಮಿನ ಟೈಲ್ಸ್ ಇದೆಯಲ್ಲ” ಎಂದಳು.

ಜನವರಿ 5, 2025, ಭಾನುವಾರ

ಕಾರು ಮತ್ತೆ ಅದೇ ಗೋಡೆಯ ಪಕ್ಕದಲ್ಲಿದೆ, ಬೇರೆ ಪಾರ್ಕಿಂಗ್ ಸಿಗುವ ಲಕ್ಷಣವಿಲ್ಲ. ವಾರಕ್ಕೊಮ್ಮೆ ಮನೆಯ ನೀರು ನಾಲ್ಕು ಬಕೆಟ್, ಧೂಳು ಮೊದಲಿಗಿಂತ ಸಲೀಸಾಗಿ ಜಾರುತ್ತದೆ. ಇವತ್ತು ತೊಳೆದು ಒಣಗಿಸಿ ತೊಟ್ಟೆ ಹಾಕಿ ಸವರಿದೆ. ಬಾನೆಟ್ ನಯ, ರೂಫ್ ನಯ. ಬಲ ಹಿಂಬಾಗಿಲಿನ ಕೆಳಗೆ ಬೆರಳಿಗೆ ಎರಡು ರವೆಕಾಳು ಸಿಕ್ಕವು. ಬಗ್ಗಿ ನೋಡಿದೆ, ನಡುವೆ ಕಪ್ಪು, ಸುತ್ತ ಇನ್ನೂ ಕಿತ್ತಳೆ ಆಗಿಲ್ಲ. ಐರನ್ ರಿಮೂವರಿನ ಎರಡನೇ ಬಾಟಲಿಯಲ್ಲಿ ಮೂರು ಬೆರಳಷ್ಟು ಉಳಿದಿದೆ. ಸಂಜೆ ನೆರಳಿಳಿದ ಮೇಲೆ, ಕೈಗವಸು ಹಾಕಿಕೊಂಡು, ಆ ಎರಡಕ್ಕೆ ಹೊಡೆಯಬೇಕು.